ರೊಟ್ಟಿ ಬಡಿಯುವ ಸದ್ದು ನಿಂತ ಮೇಲೆ

ಗಂಗಾವತಿ ತಾಲ್ಲೂಕಿನಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳ ಸಂಪನ್ಮೂಲ ಶಿಕ್ಷಕಿಯಾಗಿರುವ ನಾನು, ದಿನವೂ ಶಾಲೆಗೆ ಬರಲಾಗದ ಮಕ್ಕಳ ಮನೆಗಳಿಗೆ ವಾರಕ್ಕೊಮ್ಮೆ ಹೋಗುತ್ತೇನೆ. ತುಂಗಭದ್ರಾ ಎಡದಂಡೆ ಕಾಲುವೆಯ ಬದಿಯ ಊರೊಂದರಲ್ಲಿ ಏಳು ವರ್ಷದ ಹುಡುಗನನ್ನು ಮೊದಲ ಸಲ ನೋಡಿದಾಗ ಅವನ ಎಡಗೈ ಮಣಿಕಟ್ಟು ಹಲ್ಲಿನ ಗುರುತುಗಳಿಂದ ಜಡ್ಡುಗಟ್ಟಿತ್ತು. ಮಾತು, ಒಡನಾಟ ಬೇರೆ ರೀತಿಯಲ್ಲಿ ಬೆಳೆಯುವ ಆಟಿಸಂ ಎಂಬ ಸ್ಥಿತಿ ಇದೆಯೆಂದು ವೈದ್ಯರು ಪ್ರಮಾಣಪತ್ರ ಕೊಟ್ಟಿದ್ದರು, ಮಾತು ಬಂದಿರಲಿಲ್ಲ. "ಬರೇ ಹಠಾ ರೀ ಟೀಚರ್, ರೊಟ್ಟಿ ಬಡಿಯೂ ಹೊತ್ತಿಗೆ ಕೈ ಕಚ್ಕೊಂಡು ಗ್ವಾಡಿಗೆ ತಲಿ ಬಡ್ಕೊಂತಾನ" ಎಂದರು ತಾಯಿ. ಅಜ್ಜಿ ಆಗಲೇ ಎರಡು ತಾಯಿತ ಕಟ್ಟಿಸಿದ್ದರು.

ಮಾತಿಲ್ಲದ ಮಗು ತನ್ನನ್ನು ತಾನೇ ಗಾಯಪಡಿಸಿಕೊಳ್ಳುತ್ತಿದ್ದರೆ ಹಲ್ಲುನೋವು, ಕಿವಿನೋವು, ಮಲಬದ್ಧತೆ ಇಲ್ಲವೆಂದು ವೈದ್ಯರು ಹೇಳುವವರೆಗೆ ನಾನು ಬೇರೇನನ್ನೂ ಊಹಿಸುವುದಿಲ್ಲ. ಇಲ್ಲೂ ಹಾಗೇ ಮಾಡಿದೆ, ಆದರೆ ಅದರ ಮುಂದಿನ ಹೆಜ್ಜೆಯಲ್ಲಿ ಎಡವಿದೆ. ಆಟಿಸಂ ಇರುವ ಅನೇಕ ಮಕ್ಕಳಿಗೆ ಕುಕ್ಕರ್ ಸೀಟಿ, ಮಿಕ್ಸರ್ ಸದ್ದುಗಳು ಸಹಿಸಲಾರದಷ್ಟು ಹಿಂಸೆಯಾಗುತ್ತವೆಂಬುದು ನಿಜ. ಆದ್ದರಿಂದ ರೊಟ್ಟಿ ಬಡಿಯುವ ಸದ್ದೇ ಕಾರಣವೆಂದು ತೀರ್ಮಾನಿಸಿ, ಕಿವಿ ಮುಚ್ಚುವ ಹೆಡ್‌ಫೋನ್ ತಂದುಕೊಟ್ಟೆ. ಅವನು ಅದನ್ನು ನೀರಿನ ಬಾನಿಗೆ ಹಾಕಿದ. ತರಬೇತಿಯಲ್ಲಿ ಕಲಿತದ್ದನ್ನು ಮಗುವಿನ ಮೇಲೆ ಹೇರುವ ಅವಸರ ನನ್ನದಾಗಿತ್ತು.

ಬಳಿಕ ಆರನೇ ತರಗತಿಯಲ್ಲಿದ್ದ ಅವನ ಅಕ್ಕನಿಗೆ ಒಂದು ನೋಟ್‌ಬುಕ್ ಕೊಟ್ಟು, ಕಚ್ಚಿಕೊಳ್ಳುವ ಮೊದಲು ಏನಾಯಿತು, ಅವನು ಏನು ಮಾಡಿದ, ಆಮೇಲೆ ಮನೆಯವರು ಏನು ಮಾಡಿದರು ಎಂದು ಮೂರು ಕಾಲಂ ಎಳೆದುಕೊಟ್ಟೆ. "ಸಿಟ್ಟು ಬಂತು", "ಹಠ ಮಾಡಿದ" ಎಂದು ಬರೆಯಬಾರದು, ಕಣ್ಣಿಗೆ ಕಂಡದ್ದನ್ನು ಗಡಿಯಾರ ನೋಡಿ ಬರೆಯಬೇಕು ಎಂಬುದೊಂದೇ ಷರತ್ತು. ಆ ಹುಡುಗಿ ನನಗಿಂತ ಚೆನ್ನಾಗಿ ನೋಡಿದಳು. ಎರಡು ವಾರಗಳ ಬರಹದಲ್ಲಿ ರೊಟ್ಟಿ ಬಡಿಯುವಾಗ ಅವನು ಒಂದು ಸಲವೂ ಕಚ್ಚಿಕೊಂಡಿರಲಿಲ್ಲ. ಒಲೆಯ ಪಕ್ಕ ಕೂತು ಸದ್ದಿಗೆ ತಕ್ಕಂತೆ ತೂಗಾಡುತ್ತಿದ್ದ. ಕಚ್ಚಿಕೊಳ್ಳುತ್ತಿದ್ದದ್ದು ಸದ್ದು ನಿಂತ ಮೇಲೆ, ಅದೂ ರೈಸ್‌ಮಿಲ್ಲಿನಲ್ಲಿ ದುಡಿಯುವ ತಂದೆ ತಡವಾಗಿ ಬಂದ ದಿನಗಳಲ್ಲಿ. ಭತ್ತದ ಸುಗ್ಗಿಯಲ್ಲಿ ಮಿಲ್ಲಿನ ಕೆಲಸಕ್ಕೆ ಹೊತ್ತು ಗೊತ್ತಿರುವುದಿಲ್ಲ, ಅಪ್ಪ ಬರದೆ ಆ ಮನೆಯಲ್ಲಿ ತಟ್ಟೆ ಇಡುವುದಿಲ್ಲ. ಮೂರನೆಯ ಕಾಲಂನಲ್ಲಿ ಮಾತ್ರ ಪ್ರತಿದಿನವೂ ಒಂದೇ ಸಾಲಿತ್ತು: "ಅವ್ವ ರೊಟ್ಟಿ ಕೊಟ್ಟಳು." ಕಾಯುವುದು ಎಲ್ಲಿಗೆ ಮುಗಿಯುತ್ತದೆಂದು ತಿಳಿಯದ ಮಗುವಿಗೆ, ಕೈ ಕಚ್ಚಿಕೊಂಡರೆ ಮುಗಿಯುತ್ತದೆ ಎಂಬ ಪಾಠವನ್ನು ನಾವೇ ಕಲಿಸಿದ್ದೆವು.

ಮೊದಲು ಅವನ ಊಟವನ್ನು ತಂದೆಯ ಬರವಿನಿಂದ ಬಿಡಿಸಬೇಕಾಯಿತು. ಅಜ್ಜಿ ಒಪ್ಪಲು ಒಂದು ವಾರ ಹಿಡಿಯಿತು. ನಂತರ ಅವನದೇ ಸ್ಟೀಲ್ ತಟ್ಟೆಯನ್ನು ಕೈಗೆಟುಕುವ ಗೂಡಿನಲ್ಲಿಟ್ಟು, ಸದ್ದು ನಿಲ್ಲುವ ಮುನ್ನವೇ ಅಕ್ಕ ಹಿಂದಿನಿಂದ ಅವನ ಕೈ ಹಿಡಿದು ತಟ್ಟೆಯನ್ನು ತಾಯಿಗೆ ಕೊಡಿಸುವಂತೆ, ತಾಯಿ ತಕ್ಷಣ ರೊಟ್ಟಿ ಹಾಕುವಂತೆ ಏರ್ಪಡಿಸಿದೆವು. ಈ "ಮುನ್ನವೇ" ಎಂಬುದರ ಮೇಲೆ ಎಲ್ಲವೂ ನಿಂತಿತ್ತು, ಏಕೆಂದರೆ ಕಚ್ಚಿಕೊಂಡ ಮೇಲೆ ತಟ್ಟೆ ಹಿಡಿಸಿದ್ದರೆ ಕಚ್ಚುವುದೂ ತಟ್ಟೆಯೂ ಸೇರಿ ಒಂದೇ ಬೇಡಿಕೆಯಾಗುತ್ತಿತ್ತು. ಹನ್ನೆರಡನೆಯ ದಿನ ಅವನು ತಾನಾಗಿ ತಟ್ಟೆ ಎತ್ತಿಕೊಂಡ.

ಆಮೇಲೆ ಕಾಯುವುದನ್ನು ಕಲಿಸಿದೆವು. ರಟ್ಟಿನ ಪಟ್ಟಿಗೆ ವೆಲ್ಕ್ರೋದಿಂದ ಮೂರು ಬಿಳಿ ಬಿಲ್ಲೆ ಅಂಟಿಸಿ, ಹಂಚಿನಿಂದ ಒಂದೊಂದು ರೊಟ್ಟಿ ಬುಟ್ಟಿಗೆ ಬಿದ್ದಾಗಲೂ ಅವನ ಕೈಯಿಂದಲೇ ಒಂದು ಬಿಲ್ಲೆ ಕೀಳಿಸಿದೆವು. ಪಟ್ಟಿ ಖಾಲಿಯಾದರೆ ಊಟ. ನಿಮಿಷ ಅರಿಯದ ಮಗುವಿಗೆ ರೊಟ್ಟಿಯ ಲೆಕ್ಕ ಕಣ್ಣಿಗೆ ಕಾಣುತ್ತದೆ. ಮೂರು ಬಿಲ್ಲೆಗಳಿಂದ ಐದಕ್ಕೆ ಏರಿಸಿದ ದಿನ ಗೋಡೆಗೆ ತಲೆ ಬಡಿದುಕೊಂಡದ್ದರಿಂದ ಮತ್ತೆ ಮೂರಕ್ಕೇ ಇಳಿದು, ನಾಲ್ಕರಲ್ಲಿ ಬಹಳ ದಿನ ನಿಂತೆವು.

ಈಗ ಮಣಿಕಟ್ಟಿನ ಗಾಯ ಮಾಗಿದೆ, ಜಡ್ಡು ಉಳಿದಿದೆ. ವಾರದಲ್ಲಿ ಎರಡು ದಿನ ಶಾಲೆಗೆ ಬರುತ್ತಾನೆ. ಅಲ್ಲಿ ಬಿಸಿಯೂಟದ ಸಾಲಿನಲ್ಲಿ ಮತ್ತೆ ಕೈ ಬಾಯಿಗೆ ಹೋಗುತ್ತಿದೆ. ಅದು ಸಾಲಿನ ಕಾಯುವಿಕೆಗೋ, ನೂರು ತಟ್ಟೆಗಳ ಸದ್ದಿಗೋ ಎಂದು ಈ ಸಲ ನಾನು ಊಹಿಸಲು ಹೋಗಿಲ್ಲ. ಅವನ ಅಕ್ಕ ಹೊಸ ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆದಿದ್ದಾಳೆ.