ಟಿಪ್ಸ್ ಹಣದಲ್ಲೇ ಕೊನೆಯ ವರ್ಷದ ಫೀಸು ಕಟ್ಟಿದೆ: ಮಂಗಳೂರಿನ ಹೋಟೆಲ್‌ಗಳಲ್ಲಿ ನನ್ನ ಅನುಭವ

ಮಂಗಳೂರಿನಲ್ಲಿ ಟಿಪ್ಸ್ ನಂಬಿ ಹೋಟೆಲ್ ಕೆಲಸಕ್ಕೆ ಸೇರಬಾರದೆಂದು ನನಗೆ ಹೇಳದವರಿಲ್ಲ. "ಇಲ್ಲಿ ಬಿಲ್ಲಿನ ಚಿಲ್ಲರೆಯನ್ನೂ ಎಣಿಸಿ ಜೇಬಿಗೆ ಹಾಕಿಕೊಳ್ಳುತ್ತಾರೆ ಮಾರಾಯ, ಟಿಪ್ಸ್ ಬೇಕಾದರೆ ಗೋವಾಕ್ಕೆ ಹೋಗು" ಎಂದು ರೂಮಿನಲ್ಲಿದ್ದ ಸೀನಿಯರ್ ಹೇಳಿದ್ದರು. ಬಿ.ಕಾಂ. ಕೊನೆಯ ವರ್ಷದ ಫೀಸು, ಹೆಚ್ಚು ಕಡಿಮೆ 32 ಸಾವಿರ ರೂಪಾಯಿ, ಎರಡು ಕಂತುಗಳಲ್ಲಿ ನಾನು ಕಟ್ಟಿದ್ದು ಪೂರ್ತಿ ಟಿಪ್ಸ್ ಹಣದಿಂದ. ಸಂಬಳ ರೂಮಿನ ಬಾಡಿಗೆಗೂ ಮನೆಗೂ ಹೋಯಿತು.

ಅದಕ್ಕೆ ಮೊದಲು ಮೂರು ಕಡೆ ಸೋತಿದ್ದೆ. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದ ಹತ್ತಿರದ ಸಸ್ಯಾಹಾರಿ ಹೋಟೆಲೊಂದರಲ್ಲಿ ಸಂಜೆ ನಾಲ್ಕು ತಾಸಿನ ಕೆಲಸಕ್ಕೆ 250 ರೂಪಾಯಿ ಕೊಡುತ್ತಿದ್ದರು. ಗೋಳಿಬಜೆ, ಬನ್ಸ್, ಚಹಾ ಮುಗಿಸಿ ಬಸ್ ಹಿಡಿಯುವ ಅವಸರದವರಿಂದ ದಿನಕ್ಕೆ 20 ರೂಪಾಯಿ ಉಳಿದರೆ ಹೆಚ್ಚು. ಅನಂತರ ಬಂದರಿನ ಕಡೆ ಮೀನಿನ ಊಟದ ಹೋಟೆಲೊಂದರಲ್ಲಿ ಮಧ್ಯಾಹ್ನದ ಪಾಳಿ ಹಿಡಿದೆ. ಅಲ್ಲಿ ಜನ ಕಿಕ್ಕಿರಿದು ತುಂಬುತ್ತಿದ್ದರು, ಆದರೆ ಒಂದು ಟೇಬಲ್ ಇಪ್ಪತ್ತು ನಿಮಿಷಕ್ಕೆ ಖಾಲಿಯಾಗಬೇಕಿತ್ತು. ತಟ್ಟೆ ಊಟಕ್ಕೆ ಟಿಪ್ಸ್ ಇಡುವ ರೂಢಿ ನಮ್ಮಲ್ಲಿ ಇಲ್ಲವೇ ಇಲ್ಲ. ಜೊತೆಗೆ ಮಧ್ಯಾಹ್ನದ ಎರಡು ತರಗತಿಗಳು ತಪ್ಪಿ, ಹಾಜರಿ ಶೇಕಡಾ 75ಕ್ಕಿಂತ ಕೆಳಗಿಳಿದು, ಪ್ರಾಂಶುಪಾಲರ ಮುಂದೆ ಅಪ್ಪನನ್ನು ನಿಲ್ಲಿಸಬೇಕಾಯಿತು. ಆ ದಿನ ಅಪ್ಪ ಒಂದು ಮಾತನ್ನೂ ಆಡದೆ ಬೆಳ್ತಂಗಡಿಯ ಬಸ್ ಹತ್ತಿದ್ದು ನನಗೆ ಇಂದಿಗೂ ನೋವು ಕೊಡುತ್ತದೆ.

ಮೂರನೆಯದು ನಗರದ ದುಬಾರಿ ಹೋಟೆಲುಗಳಲ್ಲೊಂದು. ದೊಡ್ಡ ಬಿಲ್ಲು ಎಂದರೆ ದೊಡ್ಡ ಟಿಪ್ಸ್ ಎಂದು ನಂಬಿ, 900 ರೂಪಾಯಿಯ ಕಪ್ಪು ಶೂ ಕೊಂಡು ಸೇರಿದೆ. ಅಲ್ಲಿ ಬಿಲ್ಲಿನಲ್ಲೇ ಶೇಕಡಾ 10 ಸೇವಾ ಶುಲ್ಕ ಅಚ್ಚಾಗಿ ಬರುತ್ತಿದ್ದುದರಿಂದ, ಗಿರಾಕಿಗಳು ನಮಗೆ ಕೊಡಬೇಕಾದದ್ದನ್ನು ಕೊಟ್ಟಾಯಿತೆಂದು ತಿಳಿದು ಎದ್ದು ಹೋಗುತ್ತಿದ್ದರು. ಸೇವಾ ಶುಲ್ಕವನ್ನು ತಾನಾಗಿ ಬಿಲ್ಲಿಗೆ ಸೇರಿಸಬಾರದೆಂದು ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲೇ ಮಾರ್ಗಸೂಚಿ ಹೊರಡಿಸಿತ್ತು, ಆದರೆ ಅದಕ್ಕೆ ತಡೆಯಾಜ್ಞೆ ಬಂದಿತ್ತು; ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದದ್ದು 2025ರ ಮಾರ್ಚ್‌ನಲ್ಲಿ. ಅಷ್ಟರಲ್ಲಿ ನನ್ನ ಕಾಲ ಕಳೆದಿತ್ತು. ಟೇಬಲ್ ಮೇಲೆ ಬಿದ್ದ ಅಲ್ಪಸ್ವಲ್ಪ ನಗದೂ ಡಬ್ಬಕ್ಕೆ ಸೇರಿ, ತಿಂಗಳ ಕೊನೆಗೆ ಹುದ್ದೆಗೆ ತಕ್ಕಂತೆ ಹಂಚಿಕೆಯಾಗುತ್ತಿತ್ತು. ನನ್ನ ಪಾಲಿಗೆ ಬಂದದ್ದು 740 ರೂಪಾಯಿ. ಶೂವಿನ ಹಣವೂ ಹುಟ್ಟಲಿಲ್ಲ.

ಇದಾದ ಮೇಲೆ ಕೆಲಸ ಕೇಳುವುದನ್ನು ನಿಲ್ಲಿಸಿ, ನೋಡುವುದನ್ನು ಆರಂಭಿಸಿದೆ. ಒಂದು ತಿಂಗಳು ಕದ್ರಿ, ಬಿಜೈ, ಬಲ್ಮಠ, ಕಂಕನಾಡಿಯ ಹದಿಮೂರೋ ಹದಿನಾಲ್ಕೋ ಹೋಟೆಲ್‌ಗಳಲ್ಲಿ ಸಂಜೆ ಏಳರ ಮೇಲೆ ಕುಳಿತು, ಎರಡು ನೀರುದೋಸೆ ತಿನ್ನುತ್ತಾ ಬಿಲ್ಲಿನ ಫೋಲ್ಡರ್ ಯಾರ ಕೈಗೆ ಹೋಗುತ್ತದೆ ಎಂದು ಗಮನಿಸಿದೆ. ಇದಕ್ಕೆ ಸುಮಾರು 1,400 ರೂಪಾಯಿ ಖರ್ಚಾಯಿತು. ನಾನು ಹಾಕಿದ ಹಣದಲ್ಲೆಲ್ಲ ಇದೇ ಹೆಚ್ಚು ಫಲ ಕೊಟ್ಟಿತು. ಆರ್ಡರ್ ತೆಗೆದುಕೊಂಡವನೇ ಬಿಲ್ಲನ್ನೂ ತಂದು, ಚಿಲ್ಲರೆಯನ್ನೂ ಹಿಂದಿರುಗಿಸುವ ಹೋಟೆಲ್ ಆಗಿರಬೇಕು. ಅಜ್ಜಿಯಿಂದ ಮೊಮ್ಮಗುವಿನವರೆಗೆ ಒಂದೇ ಮನೆಯವರು ಒಂದೂವರೆ ಗಂಟೆ ಕೂರುವ ಜಾಗವಾಗಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಅಲ್ಲಿ ತಲೆ ನರೆತ ಸಪ್ಲೈಯರ್‌ಗಳಿರಬೇಕು. ನಮ್ಮ ಕಡೆ ಸಪ್ಲೈಯರ್ ಒಬ್ಬ ಹತ್ತು ವರ್ಷ ಒಂದೇ ಹೋಟೆಲ್‌ನಲ್ಲಿ ನಿಂತನೆಂದರೆ ಅದು ಸಂಬಳದ ಆಸೆಯಿಂದಲ್ಲ.

ಅಂಥ ಕಡೆ ಜಾಗ ಖಾಲಿ ಇರುವುದಿಲ್ಲ ಎಂಬುದೇ ತೊಡಕು. ಅದು ಖಾಲಿಯಾಗುವ ವಾರವನ್ನು ನಾನು ಕಂಡುಕೊಂಡೆ. ಏಪ್ರಿಲ್ ಎರಡನೆಯ ವಾರದಲ್ಲಿ ಹೋಟೆಲ್‌ಗಳಲ್ಲಿ ದುಡಿಯುವ ಅಸ್ಸಾಮಿನ ಹುಡುಗರು ಬಿಹು ಹಬ್ಬಕ್ಕೆ ಊರಿಗೆ ಹೋಗುತ್ತಾರೆ. ಅದೇ ಹೊತ್ತಿಗೆ ನಮ್ಮಲ್ಲಿ ತುಳುವರ ಹೊಸ ವರ್ಷದ ಹಬ್ಬ ಬಿಸು, ಶಾಲೆಗಳಿಗೆ ರಜೆ, ಮದುವೆಗಳ ಸಾಲು ಎಲ್ಲವೂ ಒಟ್ಟಿಗೆ ಬಂದು ಹೋಟೆಲ್ ತುಂಬುತ್ತದೆ. 2024ರ ಏಪ್ರಿಲ್‌ನಲ್ಲಿ ಬಿಸುವಿಗೆ ನಾಲ್ಕು ದಿನವಿದೆ ಎನ್ನುವಾಗ, ಸಂಜೆ ನಾಲ್ಕು ಗಂಟೆಗೆ, ಬಿಜೈ ಕಡೆಯ ಮೀನಿನ ಹೋಟೆಲೊಂದಕ್ಕೆ ಹೋಗಿ ಗಲ್ಲಾದಲ್ಲಿದ್ದ ಧಣಿಯನ್ನು ಬಿಟ್ಟು, ಸಪ್ಲೈಯರ್‌ಗಳ ಮೇಲ್ವಿಚಾರಕರಾದ ಕ್ಯಾಪ್ಟನ್‌ನ ಹತ್ತಿರ ಮಾತಾಡಿದೆ. ಧಣಿಯನ್ನು ಕೇಳಿದರೆ "ನೋಡುವ" ಎನ್ನುತ್ತಾರೆ. ಆಳು ಕಡಿಮೆಯಾದಾಗ ಬೆವರು ಇಳಿಯುವುದು ಕ್ಯಾಪ್ಟನ್‌ಗೆ. "ವಾರಕ್ಕೆ ನಾಲ್ಕು ಸಂಜೆ, ಆರೂವರೆಯಿಂದ ಹನ್ನೊಂದು, ಹದಿನೈದು ದಿನದ ಮಟ್ಟಿಗೆ ಸಾಕಣ್ಣ" ಎಂದೆ. ಅವರು ಅಂದೇ ಏಪ್ರನ್ ಕೊಟ್ಟರು. ಹದಿನೈದು ದಿನ ಒಂದು ವರ್ಷವಾಯಿತು. ಸಂಜೆಗೆ ಸಂಬಳ 350 ರೂಪಾಯಿ, ರಾತ್ರಿಯ ಊಟ ಅಲ್ಲಿಯೇ.

ಹೊಸಬನಾದ್ದರಿಂದ ಕೈತೊಳೆಯುವ ಜಾಗದ ಪಕ್ಕದ ಟೇಬಲ್‌ಗಳು ನನಗೆ ಬಂದವು. ಮೊದಲ ವಾರ ದಿನಕ್ಕೆ 120, 150 ಸಿಕ್ಕಿರಬೇಕು. ಬದಲಾವಣೆ ತಂದದ್ದು ಮೀನಿನ ತಟ್ಟೆ. ಅಂಜಲ್, ಕಾಣೆ, ಮಾಂಜಿ, ನಂಗ್ ಜೋಡಿಸಿದ ಹಸಿ ಮೀನಿನ ತಟ್ಟೆಯನ್ನು ಟೇಬಲ್‌ಗೆ ಒಯ್ದು ತೋರಿಸುವುದು ಎಲ್ಲರೂ ಮಾಡುವ ಕೆಲಸವೇ. ನಾನು ಬೆಳಗ್ಗೆ ಕಾಲೇಜಿಗೆ ಮೊದಲು ವಾರಕ್ಕೊಮ್ಮೆ ಬಂದರಿನಲ್ಲಿ ದೋಣಿಗಳು ಮೀನು ಇಳಿಸುವ ಧಕ್ಕೆಗೆ ಹೋಗಿ ಅಂದಿನ ದರವನ್ನೂ ಯಾವ ಮೀನು ಚೆನ್ನಾಗಿದೆ ಎಂಬುದನ್ನೂ ತಿಳಿದುಕೊಂಡು ಬರುತ್ತಿದ್ದೆ. "ಅಕ್ಕ, ಇವತ್ತು ಅಂಜಲ್ ಬೇಡ, ಕಾಣೆ ರವಾ ಫ್ರೈ ತೆಗೆದುಕೊಳ್ಳಿ" ಎಂದು ದುಬಾರಿಯದನ್ನು ಬಿಡಿಸಿ ಹೇಳಿದ ಟೇಬಲ್‌ನಿಂದ ಬಿಲ್ಲು ಚಿಕ್ಕದಾದರೂ ಟಿಪ್ಸ್ ದೊಡ್ಡದಾಗಿ ಬರುತ್ತಿತ್ತು. ಧಣಿಗೆ ಇದು ಮೊದಮೊದಲು ಹಿಡಿಸಲಿಲ್ಲ. ಅದೇ ಮನೆಯವರು ಮುಂದಿನ ಭಾನುವಾರ ಮತ್ತೆ ಬಂದು ನನ್ನನ್ನೇ ಕೇಳತೊಡಗಿದ ಮೇಲೆ ಸುಮ್ಮನಾದರು.

ಜೂನ್ ಮತ್ತು ಜುಲೈ ತಿಂಗಳ ಲೆಕ್ಕವನ್ನು ವಿಶೇಷವಾಗಿ ಹೇಳಬೇಕು. ಯಾಂತ್ರಿಕ ದೋಣಿಗಳಿಗೆ 61 ದಿನ ಮೀನುಗಾರಿಕೆ ನಿಷೇಧವಿರುವ ಕಾರಣ ಮೀನಿನ ದರ ಏರಿ ಬಿಲ್ಲು ದೊಡ್ಡದಾಗುತ್ತದೆ, ಆದರೆ ಬಿಲ್ಲು ನೋಡಿ ಬೆಚ್ಚಿದ ಗಿರಾಕಿ ಟಿಪ್ಸ್ ಇಡುವುದಿಲ್ಲ. ನನ್ನ ಪುಸ್ತಕದಲ್ಲಿ ಜೂನ್ ಮೊದಲ ಎರಡು ವಾರ ಅರ್ಧಕ್ಕರ್ಧ ಇಳಿದಿತ್ತು. ಆರ್ಡರ್‌ಗೆ ಮೊದಲೇ ದರ ಹೇಳಿ, ಕೋರಿರೊಟ್ಟಿಯನ್ನೋ ಚಿಕನ್ ಸುಕ್ಕವನ್ನೋ ಸೂಚಿಸತೊಡಗಿದ ಮೇಲೆ ಅದು ಹಿಂದಿನ ಮಟ್ಟಕ್ಕೆ ಬಂತು. ಆ ತಿಂಗಳುಗಳಲ್ಲಿ ಗಲ್ಫ್‌ನಿಂದ ರಜೆಗೆ ಬಂದ ಕುಟುಂಬಗಳೂ ಇರುತ್ತವೆ. ಅವರ ಟೇಬಲ್‌ಗೆ 100, 200 ಬರುವುದು ಸಾಮಾನ್ಯ. ಆದರೆ ನೀರುದೋಸೆ, ಗಸಿ ಮಾತ್ರ ತಿಂದು 30 ರೂಪಾಯಿಯನ್ನು ಎಂದೂ ತಪ್ಪಿಸದ ವಯಸ್ಸಾದ ದಂಪತಿಗಳಿಂದ ಒಟ್ಟಾರೆ ಬಂದದ್ದೇ ನನ್ನ ಲೆಕ್ಕದಲ್ಲಿ ಹೆಚ್ಚು.

ಭಾಷೆಯ ಪ್ರಯೋಗವನ್ನೂ ಮಾಡಿದೆ. ತುಳುವಿನಲ್ಲಿ ಮಾತಾಡುತ್ತಾ ಕುಳಿತವರಿಗೆ "ದಾದ ಬೋಡು ಅಣ್ಣೇರೆ" (ಏನು ಬೇಕಣ್ಣ) ಎಂದಾಗ ಮುಖ ಅರಳುತ್ತಿತ್ತು, ಆದರೆ ಅವರೊಳಗಿನ ಮಾತನ್ನು ಕೇಳಿಸಿಕೊಳ್ಳದೆ ತುಳು ಶುರು ಮಾಡಿ ಎರಡು ಸಲ ಪೆಟ್ಟು ತಿಂದಿದ್ದೇನೆ. ಮಕ್ಕಳೊಡನೆ ತಾಯಿ ಯಾವ ಭಾಷೆಯಾಡುತ್ತಾಳೋ ಅದನ್ನೇ ಹಿಡಿಯಬೇಕು.

ನನ್ನ ಟೇಬಲ್‌ಗಳಲ್ಲಿ ಫೋನಿನಲ್ಲಿ ಹಣ ಕೊಡುವವರು ಹತ್ತಕ್ಕೆ ಏಳು ಮಂದಿ ಇದ್ದರು. ನನ್ನದೇ ಕ್ಯೂಆರ್ ಕಾರ್ಡ್ ಮಾಡಿಸಿ ಫೋಲ್ಡರ್‌ನಲ್ಲಿ ಇಟ್ಟದ್ದು ಒಂದೇ ದಿನ. ಗಿರಾಕಿಯೊಬ್ಬರು ಬಿಲ್ಲಿನ ಹಣವನ್ನೇ ಅದಕ್ಕೆ ಕಳುಹಿಸಿ ಗಲ್ಲಾದಲ್ಲಿ ಗೊಂದಲವಾಯಿತು, ಕ್ಯಾಪ್ಟನ್ ಅದನ್ನು ಹರಿದು ಹಾಕಿದರು. ಅವರು ಮಾಡಿದ್ದು ಸರಿ. ಸೋಂಪನ್ನು ಬಿಲ್ಲಿನ ಜೊತೆಗೆ ತರುವ ಬದಲು ಐದು ನಿಮಿಷ ಮೊದಲು ತಂದರೆ ಜನ ನಿಧಾನವಾಗಿ ಏಳುತ್ತಾರೆ ಮತ್ತು ಪರ್ಸ್ ತೆರೆಯುತ್ತಾರೆ. ಫೋನಿನಲ್ಲಿ ಬಿಲ್ಲು ಕಟ್ಟಿದವರೂ ನಗದು ಇಟ್ಟು ಹೋಗುವಂತೆ ಮಾಡುವ ಒಂದು ಮಾತು ನನ್ನಲ್ಲಿ ಇದೆ. ಅದನ್ನು ಇಲ್ಲಿ ಬರೆಯಲಾರೆ, ಏಕೆಂದರೆ ಅದನ್ನು ನಂಬಿ ದುಡಿಯುವವರು ಅಲ್ಲಿ ಇನ್ನೂ ಇದ್ದಾರೆ.

ಹಣದ ವಿಷಯದಲ್ಲಿ ಇನ್ನೊಂದು ಪಾಠವಾಯಿತು. ರಾತ್ರಿ ಹನ್ನೊಂದಕ್ಕೆ ಸಿಟಿ ಬಸ್ ಇರುವುದಿಲ್ಲ, ಹತ್ತರ ಮೇಲೆ ರಿಕ್ಷಾಕ್ಕೆ ಒಂದೂವರೆ ಪಟ್ಟು; ಮೊದಲ ತಿಂಗಳ ಟಿಪ್ಸ್‌ನಲ್ಲಿ ಕಾಲು ಭಾಗ ಅಲ್ಲಿಗೇ ಹೋಯಿತು. ತಿಂಗಳಿಗೆ 500 ಹೆಚ್ಚು ಕೊಟ್ಟು ಹೋಟೆಲ್‌ನಿಂದ ನಡೆದು ಹೋಗುವಷ್ಟು ಹತ್ತಿರ ರೂಮ್ ಹಿಡಿದ ಮೇಲೆಯೇ ಕೈಯಲ್ಲಿ ಹಣ ನಿಂತದ್ದು. ಆಗಸ್ಟ್ ನಂತರ ತಿಂಗಳಿಗೆ 6 ಸಾವಿರಕ್ಕೆ ಕಡಿಮೆಯಾದದ್ದು ಒಮ್ಮೆ ಮಾತ್ರ, ಕ್ರಿಸ್ಮಸ್ ವಾರದ ಒಂದು ರಾತ್ರಿ 1,900 ಬಂತು. ಅಲ್ಲಿನ ಹಳಬರೂ ಅಷ್ಟನ್ನು ಅಪರೂಪಕ್ಕೆ ಕಂಡವರು.

2025ರ ಏಪ್ರಿಲ್‌ನಲ್ಲಿ ಪರೀಕ್ಷೆಗೆಂದು ಬಿಡುವಾಗ, ಬಿಸುವಿನ ಅದೇ ವಾರದಲ್ಲಿ, ಕಾಸರಗೋಡಿನ ಕಡೆಯ ಜೂನಿಯರ್ ಒಬ್ಬನನ್ನು ಕ್ಯಾಪ್ಟನ್‌ಗೆ ಪರಿಚಯಿಸಿದೆ. ಅವನಿಗೆ ಮಲಯಾಳವೂ ಬ್ಯಾರಿ ಭಾಷೆಯೂ ಬರುತ್ತವೆ. ನನಗೆ ಮೊದಲ ತಿಂಗಳು ಬಂದದ್ದು 3 ಸಾವಿರದ ಆಸುಪಾಸು. ಅವನು ಅದೇ ಕೈತೊಳೆಯುವ ಜಾಗದ ಟೇಬಲ್‌ಗಳಲ್ಲಿ 5,200 ಮಾಡಿದ.