ಮರುತರು ಹಂತಿಗೆ ಬಂದ ಬಗೆ: ನನ್ನ ಅನುಭವ

ಬಿರುಗಾಳಿ-ಮಳೆಗಳ ದೇವಗಣವಾದ ಮರುತರನ್ನು ಹೊಗಳುವ ಋಗ್ವೇದದ ಮರುತ್ಸೂಕ್ತಗಳನ್ನು ಕನ್ನಡದ ಮೂರು ಸಾಲಿನ ತ್ರಿಪದಿಗೆ ತರಲಾಗುವುದಿಲ್ಲ ಎಂದು ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಕಲಬುರಗಿಯಲ್ಲಿರುವ ನನ್ನ ಹಳೆಯ ಗೆಳೆಯರೊಬ್ಬರು, ಸಂಸ್ಕೃತವನ್ನು ನನಗಿಂತ ಹತ್ತು ಪಟ್ಟು ಚೆನ್ನಾಗಿ ಬಲ್ಲವರು, ಮೊದಲ ದಿನವೇ 'ಬೀಸುವ ಕಲ್ಲಿನ ಮುಂದೆ ಬಿರುಗಾಳಿಯನ್ನು ಕೂರಿಸಲು ಹೊರಟಿದ್ದೀರಿ' ಎಂದು ನಕ್ಕಿದ್ದರು. ಅವರ ಮಾತಿನಲ್ಲಿ ಅರ್ಧ ಸತ್ಯವಿತ್ತು ಎಂಬುದು ನನಗೆ ತಿಳಿಯಲು ಆರೇಳು ವರ್ಷ ಬೇಕಾಯಿತು. ಕಳೆದ ಮೂರು ಮುಂಗಾರುಗಳಿಂದ ಕಾಗಿಣಾ ನದಿಯ ದಂಡೆಯ ಒಂದು ಊರಿನಲ್ಲಿ ಆ ಪದಗಳನ್ನು ಜನರು ಹಂತಿಯ, ಅಂದರೆ ರಾಶಿಯ ಕಣದ ಹಾಡಿನ, ಧಾಟಿಯಲ್ಲಿ ತಾವಾಗಿಯೇ ಹಾಡುತ್ತಿರುವುದರಿಂದ, ಇದು ಹೇಗೆ ಕೂಡಿಬಂತು ಎಂಬುದನ್ನು ಬರೆದಿಡುವ ಧೈರ್ಯ ಈಗ ಬಂದಿದೆ.

ನಾನು ಪ್ರೌಢಶಾಲೆಯ ಕನ್ನಡ ಮಾಸ್ತರನಾಗಿದ್ದು ನಿವೃತ್ತನಾದವನು. ವೇದ ಪಾಠ ಮಾಡಿದವನಲ್ಲ. ವೇದಕ್ಕೆ ಸಾಯಣರು ಬರೆದ ಭಾಷ್ಯವನ್ನು ಕನ್ನಡ ಅನುವಾದದ ಊರುಗೋಲು ಹಿಡಿದು ಓದಿದವನು. ಮೊದಲು ಕೈಗೆತ್ತಿಕೊಂಡದ್ದು 1.85ನೆಯ ಸೂಕ್ತ, ಅಂದರೆ ಮೊದಲ ಮಂಡಲದ ಎಂಬತ್ತೈದನೆಯದು, ರಾಹೂಗಣ ಗೋತಮ ಋಷಿಯದು. ಅದು ಹೆಚ್ಚಾಗಿ ಜಗತೀ ಛಂದಸ್ಸಿನಲ್ಲಿದೆ, ಒಂದೊಂದು ಋಕ್ಕಿಗೆ, ಅಂದರೆ ಮಂತ್ರಕ್ಕೆ, ನಲವತ್ತೆಂಟು ಅಕ್ಷರ. ಅಷ್ಟು ಸರಕಿಗೆ ಆರು ಸಾಲಿನ ಭಾಮಿನಿ ಷಟ್ಪದಿಯೇ ಸರಿ ಎಂದು ಅದರಲ್ಲಿ ಹೊಸೆದೆ. ಹನ್ನೆರಡು ಋಕ್ಕುಗಳಿಗೆ ಹನ್ನೆರಡು ಷಟ್ಪದಿಗಳು ನಾಲ್ಕು ತಿಂಗಳಲ್ಲಿ ಮುಗಿದವು, ಮತ್ತು ಹನ್ನೆರಡೂ ಸತ್ತು ಹುಟ್ಟಿದವು. ಗಣ (ಮಾತ್ರೆಗಳ ಗುಂಪು) ತುಂಬಿಸುವುದಕ್ಕಾಗಿ 'ಭೋರ್ಗರೆವ', 'ಘನತರ', 'ಧೀರರು' ಎಂದೆಲ್ಲ ಸೇರಿಸುತ್ತ ಹೋದಂತೆ ಮರುತರ ಓಟ ನಿಂತು, ಆಸ್ಥಾನದಲ್ಲಿ ಬಿರುದಾವಳಿ ಕೇಳುತ್ತ ಕುಳಿತವರ ಹಾಗಾದರು. ಗೋತಮನ ಹಾಲಿಗೆ ನಾನು ಎರಡು ಚರಿಗೆ ನೀರು ಬೆರೆಸಿದ್ದೆ.

ದಾರಿ ಕಂಡದ್ದು 1.38ರ ಹದಿನಾಲ್ಕನೆಯ ಋಕ್ಕಿನಲ್ಲಿ. ಅಲ್ಲಿ ಘೋರನ ಮಗ ಕಣ್ವ 'ಬಾಯಲ್ಲಿ ಶ್ಲೋಕವನ್ನು ಅಳೆ, ಪರ್ಜನ್ಯನಂತೆ (ಮಳೆದೇವರಂತೆ) ಹರಡು, ಗಾಯತ್ರವನ್ನು ಹಾಡು' ಎನ್ನುತ್ತಾನೆ. ಗಾಯತ್ರಿ ಛಂದಸ್ಸಿಗೆ ಮೂರು ಪಾದ, ಪಾದಕ್ಕೆ ಎಂಟು ಅಕ್ಷರ. ಮೂರು ಪಾದ ಎಂದ ಮೇಲೆ ಕನ್ನಡದವನಿಗೆ ಇನ್ನೇನು ನೆನಪಾಗಬೇಕು? ತ್ರಿಪದಿಯನ್ನು ಬೀಸುವ ಕಲ್ಲಿನ ಪದ ಎಂದು ಹಗುರ ಮಾಡಿದ ಗೆಳೆಯರಿಗೆ ತ್ರಿಪದಿಗಳಿರುವ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನವನ್ನು ನೆನಪಿಸಿದೆ. ಕಲ್ಲಿನಲ್ಲಿ ಕೊರೆಯಿಸಿಕೊಳ್ಳುವಷ್ಟು ಯೋಗ್ಯತೆ ತ್ರಿಪದಿಗೆ ಹದಿಮೂರು ಶತಮಾನಗಳ ಹಿಂದೆಯೇ ಇತ್ತಲ್ಲ. ಅವರು 'ಶಾಸನ ಬೇರೆ, ಸೂಕ್ತ ಬೇರೆ' ಎಂದರು.

ಮರುತರಿಗೆ ಸಂಬಂಧಿಸಿದ ಗಾಯತ್ರಿಗಳನ್ನಷ್ಟೇ ಆರಿಸಿದೆ. 1.37 ಮತ್ತು 1.38ರಲ್ಲಿ ಹದಿನೈದು ಹದಿನೈದು ಋಕ್ಕುಗಳು, 1.86ರಲ್ಲಿ ಹತ್ತು, 8.7ರಲ್ಲಿ ಮೂವತ್ತಾರು, 8.94ರಲ್ಲಿ ಹನ್ನೆರಡು. ಅಗ್ನಿಯನ್ನೂ ಮರುತರನ್ನೂ ಒಟ್ಟಿಗೆ ಕರೆಯುವ 1.19ರ ಒಂಬತ್ತು ಮತ್ತು ಗಾಳಿದೇವರಾದ ವಾತನ ಮೇಲಿನ 10.186ರ ಮೂರನ್ನು ಸೇರಿಸಿದಾಗ ಎಣಿಕೆ ಸರಿಯಾಗಿ ನೂರಕ್ಕೆ ನಿಂತಿತು. ನಾನು ಬೇಕೆಂದು ಮಾಡಿದ್ದಲ್ಲ, ಆದರೂ ಅಂದು ಮನೆಯಲ್ಲಿ ಹೋಳಿಗೆ ಮಾಡಿಸಿದೆ.

ಕೆಲಸ ಹೇಗಿತ್ತು ಎಂಬುದಕ್ಕೆ ಒಂದೇ ಋಕ್ಕನ್ನು ಹತ್ತಿರದಿಂದ ತೋರಿಸುತ್ತೇನೆ. 1.38ರ ಎಂಟನೆಯದು: 'ವಾಶ್ರೇವ ವಿದ್ಯುನ್ಮಿಮಾತಿ ವತ್ಸಂ ನ ಮಾತಾ ಸಿಷಕ್ತಿ | ಯದೇಷಾಂ ವೃಷ್ಟಿರಸರ್ಜಿ'. ಮರುತರ ಮಳೆ ಬಿಟ್ಟಾಗ ಮಿಂಚು ಒದರುವ ಆಕಳಿನಂತೆ ಕೂಗುತ್ತದೆ, ತಾಯಿ ಕರುವಿನ ಬೆನ್ನು ಹತ್ತಿದಂತೆ ಹತ್ತುತ್ತದೆ ಎಂಬುದು ಭಾವ. ಮೊದಲ ಕರಡಿನಲ್ಲಿ 'ವಿದ್ಯುತ್ತು' ಎಂದೇ ಉಳಿಸಿಕೊಂಡಿದ್ದೆ. ಒಂಬತ್ತನೆಯ ತರಗತಿಯ ಹುಡುಗರ ಮುಂದೆ ಓದಿದಾಗ ಹಿಂದಿನ ಬೆಂಚಿನವನೊಬ್ಬ ಕಿಟಕಿಯ ಹೊರಗಿನ ಟ್ರಾನ್ಸ್‌ಫಾರ್ಮರ್ ಕಡೆಗೆ ನೋಡಿದ. ಅಂದೇ ಆ ಪದವನ್ನು ಹೊಡೆದು ಹಾಕಿದೆ. ಎರಡನೆಯ ಕರಡಿನಲ್ಲಿ 'ಧೇನು' ಇತ್ತು, ಮೂರನೆಯದರಲ್ಲಿ 'ಹಸು' ಬಂತು. ಹನ್ನೊಂದನೆಯದೋ ಹನ್ನೆರಡನೆಯದೋ ಕರಡು ಹೀಗೆ ನಿಂತಿತು:

ಕರುವೀಗೆ ಅಂಬೆಂದು ಕೂಗ್ಯಾಳ ಮಿಂಚವ್ವ
ಸರಸರನೆ ಬೆನ್ನ ಹತ್ಯಾಳ | ಮುಗಿಲಾಗ
ಸುರಿದಾವ ಅವರ ಮಳೆಧಾರಿ

ಆಕಳ ಹೆಸರನ್ನೇ ಎತ್ತದೆ 'ಅಂಬೆಂದು' ಎಂಬ ಒಂದು ಮಾತಿನಿಂದ ಆಕಳನ್ನು ತಂದದ್ದು ನನ್ನ ಹೆಮ್ಮೆ, ಅದನ್ನು ಮುಚ್ಚಿಡುವುದಿಲ್ಲ. ತ್ರಿಪದಿಯ ಹನ್ನೊಂದು ಗಣಗಳಲ್ಲಿ ಆರನೆಯದೂ ಹತ್ತನೆಯದೂ ಕುಗ್ಗುವ ಜಾಗದಲ್ಲಿ 'ಬೆನ್ನ', 'ಅವರ' ಎಂಬ ಸಣ್ಣ ಮಾತುಗಳು ತಾವಾಗಿಯೇ ಬಂದು ಕುಳಿತವು. ಎರಡನೆಯ ಸಾಲಿನ ಯತಿಯ (ನಿಲುಗಡೆಯ) ಆಚೆಗಿನ ಗಣ ಮೂರನೆಯ ಸಾಲಿಗೆ ಜೋತು ಬೀಳುತ್ತದೆ ಎಂಬುದು ತ್ರಿಪದಿ ಹಾಡಿದವರಿಗೆಲ್ಲ ಗೊತ್ತು. ಗಾಯತ್ರಿಯಲ್ಲಿಯೂ ಮೊದಲೆರಡು ಪಾದಗಳು ಒಂದು ಕಟ್ಟಾಗಿ ಮೂರನೆಯದು ಬೇರೆಯಾಗಿ ನಿಲ್ಲುವುದರಿಂದ, ಆ ಜೋತಾಡುವ ಗಣವೇ ಎರಡಕ್ಕೂ ಸೇತುವೆಯಾಯಿತು. ಉದ್ದನೆಯ ಸಮಾಸಗಳನ್ನು ಐದು ಮಾತ್ರೆಯೊಳಗೆ ಮಡಚುವುದಕ್ಕೆ ನಾನು ಕಂಡುಕೊಂಡ ಇನ್ನೊಂದು ಯುಕ್ತಿಯಿದೆ. ಅದನ್ನು ಸದ್ಯಕ್ಕೆ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ, ಏಕೆಂದರೆ ಪರ್ಜನ್ಯಸೂಕ್ತಗಳ ಕೆಲಸ ಇನ್ನೂ ಬಾಕಿಯಿದೆ.

ಆಯುಧ, ಆಭರಣಗಳ ಹೆಸರುಗಳಲ್ಲಿ ತೊಂದರೆ ಅಷ್ಟಾಗಿ ಬರಲಿಲ್ಲ. ಋಷ್ಟಿಗೆ ಭರ್ಚಿ, ಖಾದಿಗೆ ಕಡಗ, ಕಶೆಗೆ ಬಾರಕೋಲು. ವಾಶಿಗೆ ಬಡಿಗನ ಬಾಚಿ ಕಿವಿಗೂ ಹತ್ತಿರ, ಅರ್ಥಕ್ಕೂ ಹತ್ತಿರ. ಮರುತರ ರಥಕ್ಕೆ ಕಟ್ಟಿದ 'ಪೃಷತೀ'ಗಳನ್ನು ಈಗಿನ ವಿದ್ವಾಂಸರಲ್ಲಿ ಕೆಲವರು ಚುಕ್ಕೆಯ ಕುದುರೆಗಳು ಎನ್ನುತ್ತಾರೆ. ನಾನು ಸಾಯಣರ ಕಡೆಗೇ ನಿಂತು ಚುಕ್ಕಿ ಜಿಂಕೆ ಎಂದೆ. ಜಗಳ ಹತ್ತಿದ್ದು 1.37ರ ಎಂಟನೆಯ ಋಕ್ಕಿಗೆ. ಮರುತರ ಓಟಕ್ಕೆ ಭೂಮಿಯು ಮುಪ್ಪಾದ ವಿಶ್ಪತಿಯಂತೆ, ಅಂದರೆ ಕುಲದ ಒಡೆಯನಂತೆ, ಹೆದರಿ ನಡುಗುತ್ತದೆ ಎಂಬ ಮಾತು ಅಲ್ಲಿದೆ. ನಾನು ವಿಶ್ಪತಿಯನ್ನು ನಮ್ಮ ಊರ ಗೌಡನನ್ನಾಗಿ ಮಾಡಿದೆ:

ಹಲ್ಲುದುರಿದಾ ಗೌಡ ನಡಗೂವ ತೆರದಾಗ
ತಲ್ಲಣಿಸಿ ಭೂಮಿ ತೂಗ್ಯಾಳ | ಮರುತಾರ
ಎಲ್ಲಿಂದೊ ಬಂಡಿ ಹೊಂಟಾವ

ಮೂಲದಲ್ಲಿ ಹಲ್ಲಿನ ಮಾತೇ ಇಲ್ಲ ಎಂದು ಗೆಳೆಯರು ಸಿಟ್ಟಾದರು. ಇಲ್ಲ, ನಿಜ. ಪ್ರಾಸಕ್ಕೆ ಬೇಕಾಗಿತ್ತು, ಮುದುಕನೂ ಕಣ್ಣಿಗೆ ಕಂಡ, ಅದಕ್ಕೇ ಬಿಟ್ಟೆ. 1.19ರಲ್ಲಿ ಪ್ರಾಸ ನನ್ನನ್ನು ಇನ್ನೂ ಕಾಡಿತು. ಅದರ ಒಂಬತ್ತೂ ಋಕ್ಕುಗಳು 'ಮರುದ್ಭಿರಗ್ನ ಆ ಗಹಿ' ಎಂಬ ಒಂದೇ ಪಾದದಿಂದ ಮುಗಿಯುತ್ತವೆ. ನಾನು ಅದನ್ನು 'ಮರುತಾರ ಕೂಡಿ ಬಾರಗ್ನಿ' ಎಂದು ಮಾಡಿದೊಡನೆ ಒಂಬತ್ತೂ ತ್ರಿಪದಿಗಳ ಆದಿಪ್ರಾಸ, ಅಂದರೆ ಪ್ರತಿ ಸಾಲಿನ ಎರಡನೆಯ ಅಕ್ಷರದ ಪ್ರಾಸ, 'ರ'ಕಾರಕ್ಕೆ ಕಟ್ಟುಬಿದ್ದಿತು. ಹದಿನೆಂಟು ಸಾಲುಗಳ ರಕಾರ ಹುಡುಕುವುದರಲ್ಲಿ ಒಂದು ಇಡೀ ಬೇಸಿಗೆ ಹೋಯಿತು.

ಇನ್ನು ಹಣದ ವಿಷಯ. ಮೊದಲ ಮುದ್ರಣವನ್ನು 2018ರಲ್ಲಿ ಮಾಡಿಸಿದೆ, ಮುನ್ನೂರು ಪ್ರತಿ, ನೆನಪಿನಂತೆ ಮೂವತ್ತೆರಡು ಸಾವಿರ ರೂಪಾಯಿ. ಮೂಲ ಋಕ್ಕುಗಳನ್ನು ದನಿಯ ಏರಿಳಿತ ತೋರಿಸುವ ಸ್ವರಚಿಹ್ನೆಗಳ ಸಮೇತ ಕನ್ನಡ ಲಿಪಿಯಲ್ಲಿ ಕೊಡಬೇಕೆಂಬ ಹಟ ನನ್ನದು. ಮುದ್ರಣಾಲಯದವರು ಕಡತವನ್ನು ಒಂದು ಅಕ್ಷರವಿನ್ಯಾಸದಿಂದ ಇನ್ನೊಂದಕ್ಕೆ ಬದಲಿಸುವಾಗ ಅನುದಾತ್ತದ ಕೆಳಗೆರೆಗಳು ಪಕ್ಕದ ಅಕ್ಷರಕ್ಕೆ ಸರಿದವು, ಸ್ವರಿತದ ಮೇಲ್ಗೆರೆಗಳು ಅಲ್ಲಲ್ಲಿ ಪ್ರಶ್ನಾರ್ಥಕ ಚಿಹ್ನೆಗಳಾದವು. ಕರಡು ತಿದ್ದಿದ್ದು ನಾನೇ ಆದರೂ ಕೊನೆಯ ಪುಟಗಳನ್ನು ನನಗೆ ತೋರಿಸಲಿಲ್ಲ ಎಂದು ನನ್ನ ವಾದ, ತೋರಿಸಿದೆವು ಎಂದು ಅವರ ವಾದ. ಸುಮಾರು ನಲವತ್ತು ಪ್ರತಿ ಹಂಚಿ, ಉಳಿದದ್ದನ್ನು ರದ್ದಿಗೆ ಹಾಕಿದೆ. ರದ್ದಿಯವನು ಕೊಟ್ಟ ದುಡ್ಡಿನಲ್ಲಿ ಆಟೊ ಬಾಡಿಗೆ ಕಳೆದು ಚಹಾದಷ್ಟು ಉಳಿಯಿತು. ಎರಡನೆಯ ಮುದ್ರಣದಲ್ಲಿ ಸ್ವರಚಿಹ್ನೆಗಳನ್ನೇ ಬಿಟ್ಟೆ.

ಆದರೆ ಅಚ್ಚಿನ ಸೋಲಿಗಿಂತ ಧಾಟಿಯ ಸೋಲು ದೊಡ್ಡದಾಗಿತ್ತು. ತ್ರಿಪದಿ ಎಂದರೆ ಬೀಸುವ ಪದ ಎಂದು ನಾನೂ ಎಲ್ಲರಂತೆ ನಂಬಿದ್ದೆ. ನಮ್ಮ ಬಡಾವಣೆಯ ಭಜನಾ ಮಂಡಳಿಯ ತಾಯಂದಿರಿಗೆ ಕಲಿಸಿದೆ. ವೇದವನ್ನು ಹೆಣ್ಣುಮಕ್ಕಳಿಂದ ಹಾಡಿಸುತ್ತೀರಾ ಎಂದು ಕೇಳಿದವರೂ ಇದ್ದರು. ಹಾಡುವುದು ಕನ್ನಡವನ್ನು ಎಂದು ಹೇಳಿ ಮುಂದುವರಿದೆ. ಕಂಠಗಳು ಬಹಳ ಚೆನ್ನಾಗಿದ್ದವು, ಗಂಟೆಗೆ ಆರುನೂರರಂತೆ ಕೊಟ್ಟು ಒಂದು ಸ್ಟುಡಿಯೊದಲ್ಲಿ ಮುದ್ರಿಸಿಯೂ ಆಯಿತು. ಕೇಳಿದರೆ ಮರುತರು ಜೋಗುಳದಲ್ಲಿ ಮಲಗಿದ್ದರು. ಮಂಡಳಿಯ ಹಿರಿಯರೊಬ್ಬರೇ 'ಸರ, ಹಾಡು ಛಲೋ ಅದ, ಆದ್ರ ನಿದ್ದಿ ಬಂದ್ಹಂಗ ಆಗ್ತದ್ರಿ' ಎಂದು ನಿಜ ಹೇಳಿದರು. ಸುಮಾರು ಏಳು ಸಾವಿರ ಅಲ್ಲಿ ಹೋಯಿತು.

ಬಾಗಿಲು ತೆರೆದದ್ದು ಮಳಖೇಡದ ಆಚೆಯ ಆ ಊರಿನಲ್ಲಿ. ಎಳ್ಳಮಾವಾಸ್ಯೆಗೆ ಶಿಷ್ಯನೊಬ್ಬನ ಹೊಲಕ್ಕೆ ಚರಗಕ್ಕೆಂದು, ಅಂದರೆ ಭೂತಾಯಿಗೆ ಎಡೆ ಚೆಲ್ಲುವುದಕ್ಕೆಂದು, ಹೋಗಿದ್ದೆ. ಭಜ್ಜಿ, ಸಜ್ಜಿ ಕಡುಬು ಉಂಡು ಕುಳಿತಾಗ, ಎಂಬತ್ತರ ಹತ್ತಿರದ ಒಬ್ಬ ಅಜ್ಜನ ಮುಂದೆ ನಾಲ್ಕು ಪದ ಓದಿದೆ. ಆತ ತೊಗರಿ ಸಾಲಿನ ಕಡೆಗೆ ಮುಖ ಮಾಡಿ, ಅಂಗೈಯನ್ನು ಕಿವಿಯ ಹಿಂದೆ ಇಟ್ಟುಕೊಂಡು ಕೇಳಿದ. ಬಾರಕೋಲಿನ ಪದ ಬಂದಾಗ, ಅಂದರೆ ಮರುತರ ಕೈಯ ಚಾಟಿ ಇಲ್ಲೇ ಸಿಡಿದಂತೆ ಕೇಳುತ್ತದೆ ಎಂಬ 1.37ರ ಮೂರನೆಯದು ಬಂದಾಗ, ಕೈ ಕೆಳಗಿಳಿಸಿ ಹೇಳಿದ: 'ಮಾಸ್ತರ, ಇದು ಬೀಸೂ ಹಾಡಲ್ರಿ. ಇವ್ರು ಗಾಳಿ ಮಂದಿ, ಇವ್ರಿಗಿ ಕಣದಾಗ ಹಾಡ್ಬೇಕ್ರಿ.' ಹಾಗೆಂದವನೇ ಹಂತಿಯ ಧಾಟಿಯಲ್ಲಿ ಎತ್ತಿದ. ರಾಶಿಯ ಕಣದಲ್ಲಿ ಎತ್ತುಗಳು ಮೇಟಿ ಕಂಬದ ಸುತ್ತ ತಿರುಗುವಾಗ ರಾತ್ರಿಯೆಲ್ಲ ಗಂಡಸರು ಹಾಡುತ್ತಿದ್ದ ಧಾಟಿ ಅದು. ರಾಶಿಯ ಮಷಿನ್ ಬಂದ ಮೇಲೆ ಆ ಊರಿನಲ್ಲಿ ಯಾರೂ ಹಾಡಿರಲಿಲ್ಲ. ಅದೂ ತ್ರಿಪದಿಯೇ, ಅದೇ ಮೂರು ಸಾಲು, ಅದೇ ಗಣ. ಒಬ್ಬ ಎತ್ತಿಕೊಟ್ಟದ್ದನ್ನು ಉಳಿದವರು ಕೂಡಿ ಹಿಡಿಯುವಾಗ, ಹೆಸರಿಲ್ಲದ ಒಂದು ಗುಂಪು ಓಡಿಬಂದ ಹಾಗೆ ಕೇಳಿಸುತ್ತದೆ. ಮರುತರಿಗೂ ಒಬ್ಬೊಬ್ಬರಿಗೆ ಹೆಸರಿಲ್ಲ. ಅವರಲ್ಲಿ ಹಿರಿಯನಿಲ್ಲ, ಕಿರಿಯನಿಲ್ಲ ಎಂದು ಐದನೆಯ ಮಂಡಲ ಎರಡು ಕಡೆ ಹೇಳುತ್ತದೆ. ಅವರ ಎಣಿಕೆಯನ್ನು ಒಂದು ಕಡೆ ಮೂರೇಳು, ಇನ್ನೊಂದು ಕಡೆ ಮೂರರವತ್ತು ಎಂದು ಬಿಟ್ಟಿದ್ದಾರೆ. ನಲವತ್ತೊಂಬತ್ತು ಎಂಬ ಲೆಕ್ಕ ಆಮೇಲಿನ ಪುರಾಣಗಳದು.

'ಕರುವಿಗೆ' ಎಂದಿದ್ದ ನನ್ನ ಸಾಲನ್ನು 'ಕರುವೀಗೆ' ಎಂದು ಎಳೆದವನು ಆ ಅಜ್ಜನೇ. ಒಂದು ಮಾತ್ರೆಯ ಕೊರತೆಯನ್ನು ನಾನು ನಾಲ್ಕು ವರ್ಷ ಎಣಿಸಿರಲಿಲ್ಲ, ಆತನ ನಾಲಿಗೆ ಒಮ್ಮೆಗೇ ಎಣಿಸಿತು.

ಮುಂದಿನ ಮುಂಗಾರಿನಲ್ಲಿ, ಮಿರಗ (ಮೃಗಶಿರಾ ಮಳೆ) ಕೂಡುವ ದಿನ, ಹನುಮಂತದೇವರ ಗುಡಿಯ ಕಟ್ಟೆಯ ಮೇಲೆ ಎಂಟು ಜನ ಕುಳಿತು ಮೂವತ್ತು ಪದ ಹಾಡಿದರು. 'ಇವ್ರು ಯಾವ ದೇವ್ರು?' ಎಂದು ಕೇಳಿದ ಹುಡುಗನಿಗೆ, ಒಳಗೆ ನಿಂತಿರುವ ಮಾರುತಿಯ ಹೆಸರಿನಲ್ಲಿಯೇ ಮರುತ್ ಇದೆ ಎಂದು ತೋರಿಸಿದೆ. ಸಿಟ್ಟಾಗಿದ್ದ ಗೆಳೆಯರನ್ನೂ ಕರೆದೊಯ್ದಿದ್ದೆ. ಗೌಡನ ಪದಕ್ಕೆ ಮಂದಿ ನಕ್ಕಾಗ ಅವರೂ ನಕ್ಕರು, ಹಿಂದಿರುಗುವಾಗ ಬಸ್ಸಿನಲ್ಲಿ ಹಲ್ಲಿನ ಮಾತನ್ನು ಮತ್ತೆ ಎತ್ತಲಿಲ್ಲ. ಆ ವರ್ಷ, 2023ರಲ್ಲಿ, ಎರಡನೆಯ ಮುದ್ರಣ ಮಾಡಿಸಿದೆ: ಐನೂರು ಪ್ರತಿ, ನಲವತ್ತಾರು ಸಾವಿರದ ಆಸುಪಾಸು, ಬೆಲೆ ನೂರಿಪ್ಪತ್ತು. ಮುನ್ನೂರನಲವತ್ತರಷ್ಟು ಹೋಗಿವೆ. ಉಚಿತ ಕೊಟ್ಟವನ್ನೂ ರಿಯಾಯಿತಿಯನ್ನೂ ಕಳೆದರೆ ಕೈಯಿಂದ ಹತ್ತು ಹನ್ನೆರಡು ಸಾವಿರ ಇನ್ನೂ ಹೊರಗಿದೆ.

ನಡುವೆ ಮಾಡಿದ ಬೇರೆ ಪ್ರಯೋಗಗಳಲ್ಲಿ ಎರಡನ್ನು ಹೇಳಬೇಕು. 1.165ರಲ್ಲಿ ಇಂದ್ರನು ಮರುತರಿಗೆ, ಅಹಿಯನ್ನು (ವೃತ್ರನೆಂಬ ಹಾವನ್ನು) ಕೊಲ್ಲುವಾಗ ನನ್ನೊಬ್ಬನನ್ನೇ ಬಿಟ್ಟಿರಲ್ಲ, ಆಗ ನಿಮ್ಮ ಪೌರುಷ ಎಲ್ಲಿತ್ತು ಎಂದು ಚುಚ್ಚುವ ಸಂವಾದವಿದೆ. ಅದನ್ನು ದೊಡ್ಡಾಟದ ಮಾತಿನ ವರಸೆಗೆ ತಂದು ಹುಡುಗರಿಂದ ಆಡಿಸಿದೆ. ಇಂದ್ರನ ಪಾತ್ರದವನು ಕಿರೀಟ ಸರಿಪಡಿಸಿಕೊಳ್ಳುವುದರಲ್ಲಿಯೇ ಮಾತು ಮರೆತ, ಆಟ ಅರ್ಧಕ್ಕೆ ನಿಂತಿತು. ಏಳನೆಯ ಮಂಡಲದ ಕಪ್ಪೆಗಳ ಸೂಕ್ತ ಮಾತ್ರ ಗೆದ್ದಿತು. ವರ್ಷವಿಡೀ ವ್ರತ ಹಿಡಿದ ಬ್ರಾಹ್ಮಣರಂತೆ ಮಲಗಿದ್ದ ಕಪ್ಪೆಗಳು ಪರ್ಜನ್ಯನಿಂದ ಎಚ್ಚೆತ್ತು, ಗುರು ಹೇಳಿದ್ದನ್ನು ಶಿಷ್ಯ ಒಪ್ಪಿಸುವಂತೆ ಒಂದರ ಮಾತನ್ನು ಇನ್ನೊಂದು ಒದರುತ್ತವೆ ಎಂಬ ಭಾಗವನ್ನು, ಮಳೆ ಹೋದಾಗ ಗುರ್ಜಿ ಎಂಬ ಮಳೆಯ ಬೊಂಬೆ ಹೊತ್ತು ಮನೆಮನೆಗೆ ತಿರುಗುವ ಮಕ್ಕಳ ಧಾಟಿಗೆ ಹೊಂದಿಸಿದೆ. ಮಕ್ಕಳಿಗೆ ಅರ್ಧ ದಿನದಲ್ಲಿ ಬಾಯಿಗೆ ಬಂತು, ಮತ್ತೆ ಅವರ ಬಾಯಿ ಮುಚ್ಚಿಸುವುದೇ ಕಷ್ಟವಾಯಿತು.

ಕಳೆದ ಸಲ ಊರಿಗೆ ಹೋದಾಗ ಮಳೆ ಬಿಡದೆ ಹೊಡೆದು, ಕಪ್ಪು ಹೊಲದಲ್ಲಿ ನೀರು ನಿಂತು, ತೊಗರಿ ಹಳದಿಯಾಗಿತ್ತು. ಅಜ್ಜ ಕಟ್ಟೆಯ ಮೇಲೆ ಕಂಬಳಿ ಹೊದ್ದು ಕುಳಿತಿದ್ದ. 'ಮಳಿ ಬಾ ಅನ್ನೋ ಪದ ಇಷ್ಟ್ ಬರದೀರಿ, ಸಾಕ್ ಮಾಡಪಾ ಅನ್ನೋದು ಒಂದೂ ಇಲ್ಲೇನ್ರಿ ಮಾಸ್ತರ?' ಎಂದು ಕೇಳಿದ. ಇದೆ. 5.83ರ ಕೊನೆಯ ಋಕ್ಕಿನಲ್ಲಿ ಅತ್ರಿ ಪರ್ಜನ್ಯನಿಗೆ 'ಮಳೆ ಸುರಿಸಿದೆ, ಇನ್ನು ಹಿಡಿದುಕೋ' ಎಂದು ಬೇಡುತ್ತಾನೆ. ಆದರೆ ಅದು ತ್ರಿಷ್ಟುಭ್, ನಾಲ್ಕು ಪಾದ. ಮೊದಲೆರಡು ಸಾಲು ಬಸ್ಸಿನಲ್ಲಿಯೇ ಕೂಡಿದವು; ಮೂರನೆಯದರಲ್ಲಿ ಉಳಿದೆರಡು ಪಾದಗಳನ್ನು ಹಿಡಿಸುವುದು ಇನ್ನೂ ಆಗಿಲ್ಲ.