ತಾರಸಿಯ ಡಿಶ್‌ನಿಂದ ಕ್ಯೂಓ-100: ಮೈಕ್ರೋವೇವ್‌ನಲ್ಲಿ ಎಫ್‌ಟಿ8 ಮಾಡುವುದು ಹೀಗೆ

ಸುರತ್ಕಲ್, ಮೂಲ್ಕಿ ಕಡೆ ಮನೆಗಳಿಗೆ ಡಿಶ್ ಕೂರಿಸುವುದು ನನ್ನ ಹೊಟ್ಟೆಪಾಡು. ಹ್ಯಾಮ್ ರೇಡಿಯೋ, ಅಂದರೆ ಲೈಸೆನ್ಸ್ ಪಡೆದು ಹವ್ಯಾಸಕ್ಕೆ ರೇಡಿಯೋ ಸಂಪರ್ಕ ಮಾಡುವುದು, ನನ್ನ ಹುಚ್ಚು. ಎರಡೂ ಕೂಡುವ ಜಾಗ ಕ್ಯೂಓ-100. 2018ರ ನವೆಂಬರ್‌ನಲ್ಲಿ ಹಾರಿಸಿದ ಕತಾರ್‌ನ ಎಸ್‌ಹೈಲ್-2 ಉಪಗ್ರಹದಲ್ಲಿ ಟಿವಿ ಚಾನೆಲ್‌ಗಳ ಜೊತೆ ಹ್ಯಾಮ್‌ಗಳಿಗೂ ಜಾಗ ಕೊಟ್ಟಿದ್ದಾರೆ, ಅದರ ಹೆಸರೇ ಕ್ಯೂಓ-100. 2400 ಮೆಗಾಹರ್ಟ್ಸ್‌ನಲ್ಲಿ ಕಳಿಸಿದ್ದನ್ನು ಅದು 10489 ಮೆಗಾಹರ್ಟ್ಸ್‌ನಲ್ಲಿ ವಾಪಸ್ ಕಳಿಸುತ್ತದೆ. ಯುರೋಪ್, ಆಫ್ರಿಕಾ, ನಮ್ಮ ಕರಾವಳಿ ಎಲ್ಲ ಅದರ ಕಣ್ಣಳತೆಯಲ್ಲೇ ಇವೆ. ಅದರ ಮೂಲಕ ಎಫ್‌ಟಿ8, ಅಂದರೆ ಕಂಪ್ಯೂಟರ್ ಚಿಕ್ಕ ಸಂದೇಶಗಳನ್ನು ಟೋನ್‌ಗಳಾಗಿ ಕಳಿಸಿ ಓದುವ ವಿಧಾನ, ಮಾಡುವುದು ಹೇಗೆ ಅಂತ ಹೇಳುತ್ತೇನೆ.

ಇದಕ್ಕೆ ಪವರ್ ತುಂಬ ಬೇಕು ಅಂತ ಹೊಸಬರು ಹಿಂಜರಿಯುತ್ತಾರೆ. ಬೇಡ. ಫ್ರೀಕ್ವೆನ್ಸಿ ಅಲುಗಾಡದೆ ನಿಲ್ಲಬೇಕು, ಅಷ್ಟೇ. ಅದನ್ನು ಗೆದ್ದರೆ ಮುಕ್ಕಾಲು ಕೆಲಸ ಮುಗಿಯಿತು. ಮೊದಲು ಬರೀ ಕೇಳಲು ಕಲಿಯಿರಿ.

ನಮ್ಮೂರಿನ ಟಿವಿ ಡಿಶ್‌ಗಳೆಲ್ಲ ಪೂರ್ವಕ್ಕೋ ಆಗ್ನೇಯಕ್ಕೋ ಮುಖ ಮಾಡಿವೆ. ಡಿಡಿ ಫ್ರೀ ಡಿಶ್ 93.5 ಡಿಗ್ರಿ ಪೂರ್ವದಲ್ಲಿದೆ. ಕ್ಯೂಓ-100 ಇರುವುದು ಸುಮಾರು 26 ಡಿಗ್ರಿಯಲ್ಲಿ. ಅಂದರೆ ಡಿಶ್ ಕಡಲಿಗೆ ಮುಖ ಮಾಡಬೇಕು. ಮಂಗಳೂರಿನಿಂದ ದಿಕ್ಕು ಸುಮಾರು 259 ಡಿಗ್ರಿ, ನೇರ ಪಶ್ಚಿಮಕ್ಕಿಂತ ಸ್ವಲ್ಪ ಎಡಕ್ಕೆ. ಎತ್ತರ ಸುಮಾರು 32 ಡಿಗ್ರಿ. ಉಡುಪಿಯಲ್ಲೂ ಹೆಚ್ಚುಕಮ್ಮಿ ಇದೇ ಲೆಕ್ಕ. ಆಫ್‌ಸೆಟ್ ಡಿಶ್, ಅಂದರೆ ಸಿಗ್ನಲ್ ಹಿಡಿಯುವ ಡಬ್ಬಿ ನಡುವಿನಲ್ಲಿಲ್ಲದೆ ಕೆಳಗಿರುವಂಥದ್ದು, ಆದ್ದರಿಂದ ನೋಡಲು ಬಹುತೇಕ ನೆಟ್ಟಗೆ ನಿಂತ ಹಾಗಿರುತ್ತದೆ. ಕೆಳಗಾಯಿತು ಅಂತ ಸುಮ್ನೆ ಮೇಲಕ್ಕೆತ್ತಬೇಡಿ. ತೆಂಗಿನ ಮರ ನೋಡಿಕೊಳ್ಳಿ. ಮರದ ತುದಿ ಡಿಶ್‌ಗಿಂತ 10 ಮೀಟರ್ ಮೇಲಿದ್ದರೆ, ಅದು ಕನಿಷ್ಠ 16 ಮೀಟರ್ ದೂರದಲ್ಲಿರಬೇಕು. ಮಳೆಗಾಲದ ಒದ್ದೆ ಗರಿ 10 ಗಿಗಾಹರ್ಟ್ಸ್ ಸಿಗ್ನಲನ್ನು ನುಂಗಿಬಿಡುತ್ತದೆ.

ಡಿಶ್ ಮುಂದಿನ ಆ ಡಬ್ಬಿಯೇ ಎಲ್‌ಎನ್‌ಬಿ, ಬಂದ ಫ್ರೀಕ್ವೆನ್ಸಿಯಿಂದ ತನ್ನ ಮೇಲೆ ಬರೆದಷ್ಟನ್ನು ಕಳೆದು ಕೆಳಗಿಳಿಸುತ್ತದೆ. ಅದರ ಮೇಲೆ 9750/10600 ಅಂತ ಬರೆದಿರಬೇಕು, ಪಿಎಲ್‌ಎಲ್ (ಕ್ರಿಸ್ಟಲ್‌ಗೆ ಕಟ್ಟಿ ಫ್ರೀಕ್ವೆನ್ಸಿ ನಿಲ್ಲಿಸುವ) ಮಾದರಿಯದ್ದೇ ಆಗಬೇಕು. ಬರೀ 10600 ಇರುವುದು ಇಲ್ಲಿ ಪ್ರಯೋಜನಕ್ಕಿಲ್ಲ. 10489.75ರಿಂದ 9750 ಕಳೆದರೆ 739.75. ಕಂಪ್ಯೂಟರ್‌ಗೆ ಸಿಕ್ಕಿಸುವ ಚಿಕ್ಕ ರಿಸೀವರ್ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲನ್ನು ಅಲ್ಲಿಗೆ ಟ್ಯೂನ್ ಮಾಡಿ. ಎಲ್‌ಎನ್‌ಬಿಗೆ 13 ವೋಲ್ಟ್ ಬೇರೆಯಾಗಿ ಕೊಡಬೇಕು. ಆ ವೋಲ್ಟೇಜ್ ಡಾಂಗಲ್‌ಗೆ ಹೋಗದಂತೆ ನಡುವೆ ಪವರ್ ಇನ್ಸರ್ಟರ್ ಹಾಕಿ.

ಇನ್ನೊಂದು ಮಾತು ನಮ್ಮ ಕಡೆಯವರಿಗೇ ಹೇಳಬೇಕಾದ್ದು. ಯುರೋಪಿನವರ ವಿವರಣೆ ನೋಡಿ ಎಲ್‌ಎನ್‌ಬಿಯನ್ನು ಸ್ವಲ್ಪವೇ ತಿರುಗಿಸಿದರೆ ಇಲ್ಲಿ ಸಾಲದು. ನಾವು ಭೂಮಧ್ಯರೇಖೆಗೆ ಹತ್ತಿರ ಇದ್ದೇವೆ, ಉಪಗ್ರಹ ಪಶ್ಚಿಮಕ್ಕೆ ತುಂಬ ದೂರ ಇದೆ. ಹಾಗಾಗಿ ಅದು ವರ್ಟಿಕಲ್ ಆಗಿ (ನೆಟ್ಟಗೆ) ಕಳಿಸಿದ ಅಲೆ ಇಲ್ಲಿಗೆ ಬರುವಾಗ 70 ಡಿಗ್ರಿಗಿಂತ ಜಾಸ್ತಿ ವಾಲಿರುತ್ತದೆ. ಡಿಶ್ ಹಿಂದೆ ನಿಂತು ಕಡಲ ಕಡೆ ನೋಡುತ್ತಾ, ಎಲ್‌ಎನ್‌ಬಿಯನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ಅಷ್ಟು ತಿರುಗಿಸಿ. ಸಿಗ್ನಲ್ ಎಲ್ಲಿ ಜಾಸ್ತಿಯೋ ಅಲ್ಲಿ ಬಿಗಿ ಮಾಡಿ. ಕ್ಲಾಂಪ್ ಅಷ್ಟು ತಿರುಗದಿದ್ದರೆ ಎಲ್‌ಎನ್‌ಬಿಯನ್ನು ನೆಟ್ಟಗೇ ಬಿಟ್ಟು 18 ವೋಲ್ಟ್ ಕೊಡಿ. ಆಗ ಅದು ಹಾರಿಜಾಂಟಲ್‌ಗೆ (ಅಡ್ಡ ಅಲೆಗೆ) ಬದಲಾಗುತ್ತದೆ. ನಷ್ಟ ತೀರಾ ಕಮ್ಮಿ.

ಈಗ ಅಲುಗಾಟದ ವಿಷಯ. ಎಲ್‌ಎನ್‌ಬಿ ಒಳಗೆ 25 ಮೆಗಾಹರ್ಟ್ಸ್ ಕ್ರಿಸ್ಟಲ್ ಇದ್ದರೆ, ಅದನ್ನು 390 ಪಟ್ಟು ಮಾಡಿ 9750 ಮಾಡುತ್ತಾರೆ. ಕ್ರಿಸ್ಟಲ್ ಹರ್ಟ್ಸ್‌ನ ಹತ್ತನೇ ಒಂದು ಭಾಗ ಜಾರಿದರೂ ನಿಮಗೆ 39 ಹರ್ಟ್ಸ್ ಜಾರಿದಂತೆ. ಎಫ್‌ಟಿ8ನ ಇಡೀ ಸಿಗ್ನಲ್ ಅಗಲವೇ 50 ಹರ್ಟ್ಸ್, ಒಂದು ಟೋನ್‌ನಿಂದ ಇನ್ನೊಂದಕ್ಕೆ 6.25 ಹರ್ಟ್ಸ್. ಸಿಗ್ನಲ್‌ಗಳನ್ನು ಹರಿಯುವ ಗೆರೆಗಳಾಗಿ ತೋರಿಸುವ ಕಂಪ್ಯೂಟರ್ ಚಿತ್ರವೇ ವಾಟರ್‌ಫಾಲ್, ಮಧ್ಯಾಹ್ನ ಅದನ್ನು ನೋಡಿ. ಮೋಡ ಬಂದು ಬಿಸಿಲು ಮರೆಯಾದ ಕೂಡಲೇ ಎಲ್ಲ ಗೆರೆಗಳೂ ಒಟ್ಟಿಗೆ ಒಂದು ಕಡೆ ವಾಲುತ್ತವೆ. ಕಡಲ ಗಾಳಿ ಬೀಸಿದರೆ ಮತ್ತೆ ಬಾಗುತ್ತವೆ. ಕಿವಿಗೆ ಇದು ಗೊತ್ತಾಗುವುದಿಲ್ಲ, ಆದರೆ ಡಿಕೋಡ್ (ಕಂಪ್ಯೂಟರ್ ಸಂದೇಶ ಓದುವುದು) ನಿಂತುಹೋಗುತ್ತದೆ.

ಇದಕ್ಕೆ ಖರ್ಚಿಲ್ಲದ ದಾರಿ ಎಸ್‌ಡಿಆರ್ ಕನ್ಸೋಲ್ ತಂತ್ರಾಂಶ. 10489.750ರಲ್ಲಿ ಉಪಗ್ರಹದ ಬೀಕನ್, ಅಂದರೆ ಗುರುತಿನ ಸಿಗ್ನಲ್, ಸದಾ ಇರುತ್ತದೆ. ತಂತ್ರಾಂಶ ಅದನ್ನು ಹಿಡಿದುಕೊಂಡು ಜಾರಿದಷ್ಟನ್ನೂ ಸರಿಮಾಡುತ್ತದೆ. ಗಟ್ಟಿ ದಾರಿ ಬೇಕಾದರೆ ಕ್ರಿಸ್ಟಲ್ ತೆಗೆದು, ಜಿಪಿಎಸ್‌ಗೆ ಕಟ್ಟಿದ ಆಸಿಲೇಟರ್‌ನಿಂದ ಸಿಗ್ನಲ್ ಕೊಡಿ. ಎರಡರಲ್ಲಿ ಯಾವುದಾದರೂ ಸರಿ, ಎಲ್‌ಎನ್‌ಬಿಗೆ ನೆರಳು ಮಾಡಿ. ಎಫ್ ಕನೆಕ್ಟರ್‌ಗೆ ರಬ್ಬರ್ ಟೇಪ್ ಸುತ್ತಿ. ಉಪ್ಪುಗಾಳಿಗೆ ಒಳಗಿನ ತಂತಿ ಹಸಿರುಗಟ್ಟಿದರೆ ಯಾವ ತಂತ್ರಾಂಶವೂ ಕಾಪಾಡುವುದಿಲ್ಲ.

ಡಬ್ಲ್ಯುಎಸ್‌ಜೆಟಿ-ಎಕ್ಸ್ ತಂತ್ರಾಂಶ ಹಾಕಿಕೊಂಡು ಎಫ್‌ಟಿ8 ಆರಿಸಿ, 10489.540ರಲ್ಲಿ ಕೂತು ಕೇಳಿ. ಕಂಪ್ಯೂಟರ್ ಗಡಿಯಾರವನ್ನು ಇಂಟರ್‌ನೆಟ್ ಸಮಯಕ್ಕೆ ಸರಿಮಾಡಿ. ಸಮಯದ ವ್ಯತ್ಯಾಸ ತೋರಿಸುವ ಡಿಟಿ ಕಾಲಂನಲ್ಲಿ ಎಲ್ಲರೂ ಕಾಲು ಸೆಕೆಂಡ್ ತಡವಾಗಿ ಕಂಡರೆ ಗಾಬರಿ ಬೇಡ. ಉಪಗ್ರಹಕ್ಕೆ ಹೋಗಿ ಬರಲು ಸಿಗ್ನಲ್‌ಗೆ ಅಷ್ಟು ಹೊತ್ತು ಬೇಕು.

ಕಳಿಸುವ ಮೊದಲು ನಿಮ್ಮ ಲೈಸೆನ್ಸ್‌ನ ಬ್ಯಾಂಡ್ ಪಟ್ಟಿ ಓದಿ, ಅದರಲ್ಲಿ ಇರುವಷ್ಟೇ ಮಾಡಿ. 10489.540ಕ್ಕೆ ಸೇರಬೇಕಾದರೆ ಕಳಿಸಬೇಕಾದ್ದು 2400.040. ಉಪಗ್ರಹಕ್ಕೆ ಬಲಗೈ ವೃತ್ತಾಕಾರದ ಪೋಲರೈಸೇಶನ್, ಅಂದರೆ ಬಲಕ್ಕೆ ಸುತ್ತುತ್ತಾ ಹೋಗುವ ಅಲೆ, ಬೇಕು. ಡಿಶ್‌ಗೆ ತಾಗಿ ವಾಪಸಾಗುವಾಗ ಅದು ತಿರುಗಿಬಿಡುತ್ತದೆ. ಆದ್ದರಿಂದ ಫೀಡ್ (ಡಿಶ್ ಮುಂದೆ ಇಟ್ಟು ಕಳಿಸುವ ಆಂಟೆನಾ) ಎಡಗೈಯದ್ದು ಇರಲಿ. ಪವರ್ ಅತಿ ಕಡಿಮೆಯಿಂದ ಶುರು ಮಾಡಿ ನಿಮ್ಮದೇ ಸಿಗ್ನಲ್ ವಾಟರ್‌ಫಾಲ್‌ನಲ್ಲಿ ನೋಡಿ. ಅದು ಬೀಕನ್‌ಗಿಂತ ಜೋರಾಗಬಾರದು. ಇದು ಇಲ್ಲಿನ ಮುಖ್ಯ ಶಿಸ್ತು. ಮೀರಿದವರ ಮೇಲೆ ಲೈಲಾ ಅನ್ನುವ ವ್ಯವಸ್ಥೆ ಸೈರನ್ ಕೂಗಿಸುತ್ತದೆ. ಎಫ್‌ಟಿ8ಗೆ ಬೀಕನ್‌ಗಿಂತ ಎಷ್ಟೋ ಕೆಳಗಿದ್ದರೂ ಧಾರಾಳ ಸಾಕು.

ಯಾರಾದರೂ ಸಿಕ್ಯೂ (ಯಾರಿದ್ದೀರಿ, ಉತ್ತರಿಸಿ ಅನ್ನುವ ಕರೆ) ಕರೆಯುತ್ತಿದ್ದರೆ ಅವರ ಸಾಲಿನ ಮೇಲೆ ಎರಡು ಸಲ ಕ್ಲಿಕ್ ಮಾಡಿ. 15 ಸೆಕೆಂಡ್ ನಿಮ್ಮದು, 15 ಅವರದು. ನಿಮ್ಮ ಗ್ರಿಡ್ (ನೀವಿರುವ ಜಾಗದ ಸಂಕೇತ), ಆಮೇಲೆ ಇಬ್ಬರ ರಿಪೋರ್ಟ್ (ಸಿಗ್ನಲ್ ಎಷ್ಟು ಜೋರು ಅಂತ), ಕೊನೆಗೆ ಆರ್‌ಆರ್73 (ಸಿಕ್ಕಿತು, ನಮಸ್ಕಾರ). ಗ್ರಿಡ್ ಮಾತ್ರ ಅಂದಾಜಿಗೆ ಹಾಕಬೇಡಿ. ಮಂಗಳೂರು ಎಂಕೆ72, ಉಡುಪಿ ಎಂಕೆ73. ನಡುವಿನ ಗೆರೆ 13 ಡಿಗ್ರಿ ಅಕ್ಷಾಂಶ, ಅದು ಸುರತ್ಕಲ್ ಆಸುಪಾಸಿನಲ್ಲೇ ಹಾದುಹೋಗುತ್ತದೆ. ನಮ್ಮ ಕಡೆ ಮನೆ ಇರುವವರು ಫೋನ್‌ನ ಜಿಪಿಎಸ್ ನೋಡಿಯೇ ಸೆಟಿಂಗ್ಸ್‌ನಲ್ಲಿ ತುಂಬಿ.